ಹಾಲು ಒಗ್ಗದ ಮನೆಗೆ ಯಾವ ಹಾಲು? ತೆಂಗು, ಗೇರು, ಸೋಯಾ, ರಾಗಿಗಳ ನಡುವೆ ಆರಿಸಿಕೊಳ್ಳುವ ಬಗೆ

ಶಿರಸಿ ಸೀಮೆಯ ಯಾವ ಮನೆಯ ಜಗಲಿ ಹತ್ತಿದರೂ ಆಸರಿಗೆಂದು ಮೊದಲು ಬರುವುದು ನೀರು, ಬೆಲ್ಲ. ಅದರ ಬೆನ್ನಿಗೇ ಹಾಲು ಹಾಕಿದ ಕಷಾಯ. ಕೊಟ್ಟಿಗೆಯಲ್ಲಿ ಹಸು ಕಟ್ಟಿಕೊಂಡವರ ಎದುರು ಕುಳಿತು “ಹಾಲು ಆಗುವುದಿಲ್ಲ” ಎಂದರೆ ಅದು ಆರೋಗ್ಯದ ಮಾತಾಗಿ ಕೇಳಿಸುವುದಿಲ್ಲ, ಆತಿಥ್ಯವನ್ನು ತಳ್ಳಿಹಾಕಿದಂತೆ ಕೇಳಿಸುತ್ತದೆ. ನನ್ನ ಮಗಳಿಗೆ ಹಸುವಿನ ಹಾಲು ಆಗುವುದಿಲ್ಲ, ಗೇರುಬೀಜವೂ ಆಗುವುದಿಲ್ಲ. ಹಾಗಾಗಿ ಘಟ್ಟದ ಮೇಲಿನ ಅಜ್ಜನ ಮನೆಗೆ ಹೋದರೆ ಹಾಲಿನ ಭಯ, ಘಟ್ಟ ಇಳಿದು ಕುಮಟಾಕ್ಕೆ ಬಂದರೆ ಗೇರುಬೀಜದ ಭಯ. ಎಂಟು ವರ್ಷ ಈ ಎರಡರ ನಡುವೆ ದಾರಿ ಹುಡುಕುತ್ತಾ ಕಲಿತದ್ದನ್ನು ಇಲ್ಲಿ ಒಂದು ಕ್ರಮದಲ್ಲಿ ಬರೆದಿದ್ದೇನೆ. ನಾನು ವೈದ್ಯೆಯಲ್ಲ. ಪರೀಕ್ಷೆ, ಔಷಧಿಯ ಮಾತು ಬಂದಲ್ಲೆಲ್ಲ ನಿಮ್ಮ ವೈದ್ಯರ ಮಾತೇ ಕೊನೆಯದು.

ಹಸುವಿನ ಹಾಲಿನ ಜಾಗದಲ್ಲಿ ಹಾಗೆಯೇ ಕೂರಿಸಬಹುದಾದ ಒಂದು ಸಸ್ಯದ ಹಾಲು ಎಲ್ಲೋ ಇದೆ ಎಂದು ಹುಡುಕಿ ಹೊರಟರೆ ಸೋಲುತ್ತೀರಿ. ನಾವು ಎರಡು ವರ್ಷ ಹಾಗೆ ಹುಡುಕಿ ಸೋತೆವು. ಮನೆಯಲ್ಲಿ ಹಾಲು ಮಾಡುವುದು ಒಂದೇ ಕೆಲಸವಲ್ಲ: ಚಹಾಕ್ಕೆ ಬಣ್ಣ ಕೊಡುತ್ತದೆ, ಪಾಯಸಕ್ಕೆ ಮೈ ಕೊಡುತ್ತದೆ, ಮಗುವಿನ ಮೂಳೆಗೆ ಬಲ ಕೊಡುತ್ತದೆ. ಈ ಕೆಲಸಗಳನ್ನು ಬಿಡಿಸಿ ಒಂದೊಂದಕ್ಕೂ ಬೇರೆ ಬೇರೆ ಆಳನ್ನು ಇಟ್ಟುಕೊಂಡ ಮೇಲೆ ನಮ್ಮ ಅಡುಗೆಮನೆಯ ತಕರಾರು ಮುಗಿಯಿತು. ಆದರೆ ಅದಕ್ಕೂ ಮೊದಲು ಮಾಡಬೇಕಾದ ಕೆಲಸಗಳಿವೆ.

ಮೊದಲ ಹೆಜ್ಜೆ: ಆಗದಿರುವುದು ಯಾವುದೆಂದು ಖಚಿತಪಡಿಸಿಕೊಳ್ಳಿ

ನಮ್ಮ ಕಡೆ ‘ನಂಜು’ ಎಂಬ ಒಂದು ಪದ ಎಲ್ಲವನ್ನೂ ನುಂಗಿಬಿಡುತ್ತದೆ. ಬದನೆಕಾಯಿ ನಂಜು, ಕೆಲವು ಮೀನು ನಂಜು. ಮೈಮೇಲೆ ದದ್ದು ಎದ್ದರೆ ‘ಪಿತ್ತದ ಗಂಧೆ’. ಮುರುಗಲ (ಕೋಕಂ, ಪುನರ್ಪುಳಿ) ಸಿಪ್ಪೆ ನೆನೆಸಿದ ನೀರು ಹಚ್ಚಿದರೆ ಮುಗಿಯಿತು. ಮಗಳ ತುಟಿ ಮೊದಲ ಸಲ ಊದಿದಾಗ ನಮ್ಮ ಮನೆಯಲ್ಲೂ ನಡೆದದ್ದು ಅದೇ. ಮುರುಗಲ ನೀರು ಹಚ್ಚಿದೆವು, ಸಂಜೆಗೆ ಊತ ಇಳಿಯಿತು, ನಮ್ಮ ಮದ್ದಿನಿಂದಲೇ ಇಳಿಯಿತೆಂದು ನಂಬಿದೆವು. ಮೂರನೆಯ ಸಲ ಉಸಿರು ಸುಯ್ಯೆನ್ನತೊಡಗಿದಾಗ ನಂಬಿಕೆ ಹೋಯಿತು.

ಹಾಲು ಆಗದಿರುವುದರಲ್ಲಿ ಎರಡು ಬಗೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಕಿಣ್ವ ಕರುಳಿನಲ್ಲಿ ಕಡಿಮೆಯಾದರೆ ಹೊಟ್ಟೆ ಉಬ್ಬರ, ಗುಡುಗುಡು, ಭೇದಿ. ಕಷ್ಟವೇ, ಆದರೆ ಪ್ರಾಣಕ್ಕೆ ಅಪಾಯವಿಲ್ಲ. ಇಂಥವರಲ್ಲಿ ಹಲವರು ಸ್ವಲ್ಪ ಮೊಸರನ್ನು ತಾಳಿಕೊಳ್ಳುತ್ತಾರೆ. ಅಲರ್ಜಿ ಬೇರೆಯೇ. ಅಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಹಾಲಿನ ಪ್ರೋಟೀನುಗಳಾದ ಕೇಸಿನ್ ಮತ್ತು ವ್ಹೇಯನ್ನು ಶತ್ರುವೆಂದು ಬಗೆದು ಎರಗುತ್ತದೆ. ಬೇಗ ಬರುವ ಬಗೆಯಲ್ಲಿ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ದದ್ದು, ತುಟಿ-ಕಣ್ಣಿನ ಊತ, ವಾಂತಿ, ಉಬ್ಬಸ ಕಾಣಿಸುತ್ತವೆ. ತಡವಾಗಿ ಬರುವ ಇನ್ನೊಂದು ಬಗೆಯಿದೆ. ಗಂಟೆಗಳು ಅಥವಾ ದಿನಗಳು ಕಳೆದ ಮೇಲೆ ವಾಂತಿ, ಮಲದಲ್ಲಿ ರಕ್ತ, ಮಗು ತೂಕ ಹಿಡಿಯದಿರುವುದು. ಲ್ಯಾಕ್ಟೋಸ್ ತೊಂದರೆಯವರಿಗೆ ಒಂದು ಚಮಚ ಹಾಲು ತಪ್ಪಿ ಬಿದ್ದರೆ ದೊಡ್ಡ ವಿಷಯವಲ್ಲ. ಅಲರ್ಜಿಯವರಿಗೆ ಆ ಚಮಚವನ್ನು ಅದ್ದಿ ತೆಗೆದ ಪಾತ್ರೆಯೂ ವಿಷಯವೇ.

ಇಲ್ಲಿ ಬಂಧುಗಳು ನಾಲ್ಕು ಸಲಹೆ ಕೊಡುತ್ತಾರೆ. ನಾಲ್ಕನ್ನೂ ನಾನು ಕೇಳಿದ್ದೇನೆ. “ಪ್ಯಾಕೆಟ್ ಹಾಲು ಬಿಡಿ, ನಮ್ಮ ಮಲೆನಾಡು ಗಿಡ್ಡದ ಹಾಲು ಕೊಡಿ.” ನಾಟಿ ಹಸುವಿನ ಎ2 ಹಾಲಿನಲ್ಲಿ ಬೀಟಾ ಕೇಸಿನ್‌ನ ಒಂದು ರೂಪ ಬೇರೆ ಇರಬಹುದು, ಆದರೆ ಅದೂ ಕೇಸಿನ್ನೇ, ವ್ಹೇಯೂ ಅಲ್ಲಿದೆ. ಹಾಲಿನ ಅಲರ್ಜಿಯವರಿಗೆ ಅದು ಮದ್ದಲ್ಲ. “ಎಮ್ಮೆ ಹಾಲು ಕೊಡಿ, ಆಡಿನ ಹಾಲು ಕೊಡಿ.” ಈ ಮೂರರ ಪ್ರೋಟೀನುಗಳು ಒಂದನ್ನೊಂದು ಎಷ್ಟು ಹೋಲುತ್ತವೆಂದರೆ ಹಸುವಿನ ಹಾಲಿಗೆ ಎರಗುವ ದೇಹ ಬಹುತೇಕ ಅವಕ್ಕೂ ಎರಗುತ್ತದೆ. “ಚೆನ್ನಾಗಿ ಕುದಿಸಿ.” ಕೇಸಿನ್ ಕುದಿಗೆ ಜಗ್ಗುವುದಿಲ್ಲ. “ತುಪ್ಪಕ್ಕೇನು, ಅದು ಬರೀ ಜಿಡ್ಡು.” ತುಪ್ಪದಲ್ಲಿ ಪ್ರೋಟೀನಿನ ಚೂರು ಉಳಿದಿರುತ್ತದೆ, ತೀವ್ರ ಅಲರ್ಜಿಗೆ ಅಷ್ಟು ಸಾಕು. ಈ ನಾಲ್ಕನೆಯದನ್ನು ಅತ್ತೆಯವರಿಗೆ ಒಪ್ಪಿಸಲು ನನಗೆ ಒಂದು ಮಳೆಗಾಲ ಹಿಡಿಯಿತು.

ಪರೀಕ್ಷೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಸಾಮಾನ್ಯವಾಗಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುತ್ತಾರೆ, ಕಾರವಾರದವರು ಗೋವಾಕ್ಕೆ. ಚರ್ಮವನ್ನು ಸೂಜಿಯಿಂದ ಸ್ವಲ್ಪವೇ ಚುಚ್ಚಿ ನೋಡುವ ಪರೀಕ್ಷೆ, ರಕ್ತದಲ್ಲಿ ಆ ಆಹಾರದ ವಿರುದ್ಧದ ಐಜಿಇ (ಅಲರ್ಜಿ ಎಬ್ಬಿಸುವ ಪ್ರತಿಕಾಯ) ಅಳೆಯುವ ಪರೀಕ್ಷೆ ಎಂದು ಎರಡಿವೆ. ಚುಚ್ಚಿ ನೋಡುವ ಪರೀಕ್ಷೆಗೆ ಮೊದಲು ತುರಿಕೆಯ ಮಾತ್ರೆಗಳನ್ನು ಕೆಲವು ದಿನ ನಿಲ್ಲಿಸಬೇಕಾಗುತ್ತದೆ. ಎಷ್ಟು ದಿನ ಎಂದು ಫೋನಿನಲ್ಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ನಮ್ಮ ಹಾಗೆ ನೂರು ಕಿಲೋಮೀಟರ್ ಹೋಗಿ ಬರಿಗೈಯಲ್ಲಿ ವಾಪಸಾಗುತ್ತೀರಿ. ಇನ್ನು ‘ಇನ್ನೂರು ಆಹಾರಗಳ ಪರೀಕ್ಷೆ ಒಂದೇ ಹನಿ ರಕ್ತದಲ್ಲಿ’ ಎಂದು ಮಾರುವ, ಐಜಿಜಿ ಎಂಬ ಬೇರೊಂದು ಪ್ರತಿಕಾಯದ ಪರೀಕ್ಷೆಗಳಿಗೆ ಹಣ ಸುರಿಯಬೇಡಿ. ಐಜಿಜಿ ಇದ್ದರೆ ಆ ಆಹಾರವನ್ನು ನೀವು ತಿಂದಿದ್ದೀರಿ ಎಂದರ್ಥ, ಅಲರ್ಜಿ ಇದೆ ಎಂದಲ್ಲ. ಆ ಪಟ್ಟಿ ಹಿಡಿದು ಅನ್ನವನ್ನೂ ತೆಂಗನ್ನೂ ಬಿಟ್ಟು ಸೊರಗಿದವರನ್ನು ನೋಡಿದ್ದೇನೆ.

ಮಗು ಒಂದು ವರ್ಷದೊಳಗಿನದಾದರೆ ಮುಂದಿನದನ್ನು ಓದುವುದು ಬೇಡ. ಆ ವಯಸ್ಸಿಗೆ ತಾಯಿಯ ಹಾಲು, ಅದು ಸಾಲದಿದ್ದರೆ ಪ್ರೋಟೀನನ್ನು ಚೂರು ಮಾಡಿದ ಅಥವಾ ಅಮೈನೊ ಆಮ್ಲಗಳಿಂದಲೇ ತಯಾರಿಸಿದ, ವೈದ್ಯರು ಬರೆದುಕೊಡುವ ಫಾರ್ಮುಲಾ. ತೆಂಗಿನ ಹಾಲಾಗಲಿ ಬಾದಾಮಿ ಹಾಲಾಗಲಿ ಹಸುಳೆಯ ಮುಖ್ಯ ಆಹಾರವಾಗಲಾರದು. ಹಾಗೆ ಬೆಳೆಸಿದ ಮಕ್ಕಳಲ್ಲಿ ತೀವ್ರ ಅಪೌಷ್ಟಿಕತೆ ಕಾಣಿಸಿಕೊಂಡ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಎರಡನೆಯ ಹೆಜ್ಜೆ: ಹಾಲುಗಳನ್ನು ಒಂದೊಂದಾಗಿ ಹೊಡೆದುಹಾಕಿ

ಒಂದು ಹಾಳೆಯ ಎಡಬದಿಗೆ ಮನೆಯವರ ಅಲರ್ಜಿಗಳನ್ನು, ಬಲಬದಿಗೆ ಸಿಗುವ ಸಸ್ಯದ ಹಾಲುಗಳನ್ನು ಬರೆಯಿರಿ. ರುಚಿ, ಬೆಲೆ, ಪೌಷ್ಟಿಕತೆ ಯಾವುದನ್ನೂ ಈಗ ನೋಡಬೇಡಿ. ಮೊದಲು ಅಪಾಯದ್ದನ್ನು ಅಳಿಸಿ.

ತೆಂಗಿನಿಂದಲೇ ಶುರು ಮಾಡೋಣ, ನಮ್ಮ ಅಂಗಳದ್ದು. ತೆಂಗಿನ ಅಲರ್ಜಿ ಇದೆ, ಆದರೆ ಅಪರೂಪ. ಅಮೆರಿಕದಲ್ಲಿ ಆಹಾರ ಮತ್ತು ಔಷಧ ಆಡಳಿತವು ತೆಂಗನ್ನು ಬಹುಕಾಲ ಬಾದಾಮಿ, ಗೇರುಗಳ ಸಾಲಿನಲ್ಲಿಟ್ಟಿತ್ತು. 2025ರ ಜನವರಿಯಲ್ಲಿ ಆ ಸಾಲಿನಿಂದ ಕೈಬಿಟ್ಟಿತು. ಹೊರದೇಶದ ಹಳೆಯ ಪ್ಯಾಕೆಟ್ಟುಗಳಲ್ಲಿ ತೆಂಗಿನ ಎದುರು ‘ಮರದ ಬೀಜ’ ಎಂಬ ಎಚ್ಚರಿಕೆ ಕಂಡು ಗಾಬರಿಯಾಗುವವರಿಗೆ ಈ ಮಾತು. ಗೇರುಬೀಜದ ಅಲರ್ಜಿ ಇದ್ದ ಮಾತ್ರಕ್ಕೆ ತೆಂಗನ್ನು ಬಿಡಬೇಕಿಲ್ಲ. ನನ್ನ ಮಗಳು ದಿನವೂ ತಿನ್ನುತ್ತಾಳೆ.

ಗೇರುಬೀಜದ ಹಾಲು ನೋಡಲು ಕೆನೆಯಂತೆ, ಕುಡಿಯಲು ಸಿಹಿ, ಸೋಸುವ ಗೋಜೂ ಕಡಿಮೆ. ಆದರೆ ಗೇರು ತೀವ್ರ ಪ್ರತಿಕ್ರಿಯೆ ಎಬ್ಬಿಸುವ ಬೀಜಗಳಲ್ಲಿ ಒಂದು. ಗೇರು ಆಗದವರಿಗೆ ಸಾಮಾನ್ಯವಾಗಿ ಪಿಸ್ತಾ ಕೂಡ ಆಗುವುದಿಲ್ಲ, ಎರಡೂ ಒಂದೇ ಕುಟುಂಬದವು. ಮಾವೂ ಅದೇ ಕುಟುಂಬದ್ದು ಎಂದು ತಿಳಿದಾಗ ನಾನು ಹೌಹಾರಿದ್ದೆ. ಅಂಕೋಲೆಯ ಕರಿ ಈಶಾಡು ಹಣ್ಣನ್ನು ಬಿಟ್ಟು ಬೇಸಿಗೆ ಕಳೆಯುವುದು ಹೇಗೆ? ಗೇರುಬೀಜ ಆಗದ ಹೆಚ್ಚಿನವರು ಮಾವಿನ ತಿರುಳನ್ನು ನಿಶ್ಚಿಂತೆಯಿಂದ ತಿನ್ನುತ್ತಾರೆ ಎಂದು ವೈದ್ಯರು ಸಮಾಧಾನ ಹೇಳಿದರು. ಅಪ್ಪೆಮಿಡಿ ಕೊಯ್ಯುವಾಗ ಸೊನೆ ತಾಗಿ ಚರ್ಮ ಸುಡುವುದು, ಗೇರು ಕಾರ್ಖಾನೆಯಲ್ಲಿ ಸಿಪ್ಪೆಯ ಎಣ್ಣೆ ತಾಗಿ ಕೈ ಕಪ್ಪಾಗಿ ಸುಲಿಯುವುದು ಇವೆಲ್ಲ ಚರ್ಮದ ಮೇಲೆ ನಡೆಯುವ ಬೇರೆ ಕಥೆ. ಸೊನೆ ಆಗದವರಿಗೆಲ್ಲ ಗೇರುಬೀಜದ ಅಲರ್ಜಿ ಎಂದು ತಿಳಿಯುವುದು ತಪ್ಪು. ತಿರುಗಿಸಿ ಹೇಳಿದರೂ ತಪ್ಪು.

ಬಾದಾಮಿಯ ವಿಷಯದಲ್ಲಿ ಬೀಜಕ್ಕಿಂತ ಹೆಸರೇ ದೊಡ್ಡ ಬಲೆ. ಬೇಕರಿ, ಜ್ಯೂಸ್ ಅಂಗಡಿಗಳಲ್ಲಿ ‘ಬಾದಾಮಿ ಹಾಲು’ ಎಂದರೆ ಬಾದಾಮಿ ಪುಡಿ ಕದಡಿದ ಹಸುವಿನ ಹಾಲು. ನಂದಿನಿಯ ಬಾದಾಮಿ ಹಾಲೂ ಅಷ್ಟೇ. ಹೆಸರಿಗೆ ಮರುಳಾಗಬೇಡಿ.

ಶೇಂಗಾ ಮರದ ಬೀಜಗಳ ಸಾಲಿನದಲ್ಲ, ಬೇಳೆಕಾಳಿನ ಜಾತಿ. ಶೇಂಗಾ ಹಾಲು ಅಗ್ಗ, ಪ್ರೋಟೀನೂ ಚೆನ್ನಾಗಿದೆ, ಆದರೆ ಶೇಂಗಾ ಅಲರ್ಜಿ ಎಂದರೆ ಆಟವಲ್ಲ. ಶೇಂಗಾ ಆಗದವರಲ್ಲಿ ಹೆಚ್ಚಿನವರು ಸೋಯಾವನ್ನು ತಾಳಿಕೊಳ್ಳುತ್ತಾರೆ. ಕೆಲವರಿಗೆ ಬಟಾಣಿ ಪ್ರೋಟೀನ್ ತೊಂದರೆ ಕೊಡುತ್ತದೆ. ಈಗಿನ ಹೊಸ ಪಾನೀಯಗಳಲ್ಲಿ ‘ಸಸ್ಯ ಪ್ರೋಟೀನ್’ ಎಂದು ಸೇರಿಸುವುದು ಎಷ್ಟೋ ಸಲ ಬಟಾಣಿಯದೇ. ಸೋಯಾ ಕೂಡ ಮುಖ್ಯ ಅಲರ್ಜಿಕಾರಕಗಳ ಪಟ್ಟಿಯಲ್ಲಿದೆ. ಹಸುವಿನ ಹಾಲಿಗೆ ತಡವಾಗಿ ಪ್ರತಿಕ್ರಿಯೆ ತೋರುವ ಚಿಕ್ಕ ಮಕ್ಕಳಲ್ಲಿ ಕೆಲವರಿಗೆ ಸೋಯಾವೂ ಒಗ್ಗದು, ಆದ್ದರಿಂದ ವೈದ್ಯರನ್ನು ಕೇಳದೆ ಮಕ್ಕಳಿಗೆ ಸೋಯಾಕ್ಕೆ ಬದಲಾಯಿಸಬೇಡಿ.

ಓಟ್ಸ್‌ನ ತೊಂದರೆ ಅದರ ನೆರೆಹೊರೆಯದು. ಗೋಧಿ, ಬಾರ್ಲಿಯ ಜೊತೆ ಬೆಳೆದು, ಒಂದೇ ಯಂತ್ರದಲ್ಲಿ ಸಾಗಿಬರುವುದರಿಂದ ಗೋಧಿ ಅಲರ್ಜಿಯವರು, ಸೀಲಿಯಾಕ್ ಕಾಯಿಲೆಯವರು (ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಕರುಳಿಗೆ ಆಗದವರು) ಗ್ಲುಟೆನ್‌ರಹಿತ ಎಂಬ ಮುದ್ರೆಯಿಲ್ಲದ ಓಟ್ಸ್ ಹಾಲನ್ನು ಮುಟ್ಟಬಾರದು. ಗೋಕರ್ಣದ ಕಡಲತೀರದ ಕೆಫೆಗಳಲ್ಲಿ ಪ್ರವಾಸಿಗರಿಗಾಗಿ ಓಟ್ಸ್ ಹಾಲಿನ ಕಾಫಿ ಸಿಗುತ್ತದೆ. ಹಾಲು ನೊರೆ ಬರಿಸುವ ಅದೇ ಕೊಳವೆಯಲ್ಲಿ ಹಸುವಿನ ಹಾಲೂ ನೊರೆಯಾಗಿರುತ್ತದೆ ಎಂಬುದನ್ನು ಮರೆಯಬಾರದು.

ಅಕ್ಕಿಗೆ ಅಲರ್ಜಿ ಕಡಿಮೆ, ಅದೇ ಅದರ ದೊಡ್ಡ ಗುಣ. ಅಕ್ಕಿಯಲ್ಲಿ ಆರ್ಸೆನಿಕ್ ಅಂಶ ಸೇರಿಕೊಳ್ಳುವುದರಿಂದ ಐದು ವರ್ಷದೊಳಗಿನ ಮಕ್ಕಳಿಗೆ ಅಕ್ಕಿ ಹಾಲನ್ನು ಹಾಲಿನ ಬದಲಿಯಾಗಿ ಕೊಡಬಾರದೆಂಬುದು ಬ್ರಿಟನ್ನಿನ ಆರೋಗ್ಯ ಇಲಾಖೆಯ ಸಲಹೆ. ಅನ್ನ ಉಣ್ಣುವ ನಮ್ಮ ಮಕ್ಕಳ ಹೊಟ್ಟೆಗೆ ಅಕ್ಕಿ ಹೇಗೂ ಸಾಕಷ್ಟು ಹೋಗುತ್ತದೆ, ಹಾಲಿನ ರೂಪದಲ್ಲೂ ತುಂಬಿಸುವುದು ಬೇಡ. ಎಳ್ಳಿನ ಬಗ್ಗೆ ಎಚ್ಚರ ಬೇಕು. ಬೇಸಿಗೆಯಲ್ಲಿ ಎಳ್ಳುನೀರು ಕುಡಿದು ಬೆಳೆದವರಿಗೆ ಎಳ್ಳಿಗೂ ಅಲರ್ಜಿಯೇ ಎನಿಸಬಹುದು. ಉಂಟು, ತೀವ್ರವಾಗಿಯೂ ಇರಬಲ್ಲದು. ಉಳಿದದ್ದು ರಾಗಿ. ಅದಕ್ಕೆ ಅಲರ್ಜಿ ಅಪರೂಪ, ಆದರೆ ಊರಿನ ಹಿಟ್ಟಿನ ಗಿರಣಿಯಲ್ಲಿ ನಿಮಗಿಂತ ಮುಂಚೆ ಯಾರೋ ಗೋಧಿ ಬೀಸಿಸಿರುತ್ತಾರೆ. ಗೋಧಿ ಆಗದ ಮನೆಯವರು ರಾಗಿಯನ್ನು ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿಕೊಳ್ಳಬೇಕು.

ಮೂರನೆಯ ಹೆಜ್ಜೆ: ಹಾಲಿನ ಕೆಲಸಗಳನ್ನು ಹಂಚಿ

ಹಾಳೆಯಲ್ಲಿ ಅಳಿಯದೆ ಉಳಿದ ಹಾಲುಗಳಿಗೆ ಈಗ ಕೆಲಸ ಕೊಡಿ.

ಪಾಯಸ, ಸಾರು, ಹಾಲುಬಾಯಿಗೆ ತೆಂಗಿನ ಹಾಲನ್ನು ಮೀರಿಸಿದ್ದಿಲ್ಲ. ಇದಕ್ಕೆ ಹೊಸ ಅಡುಗೆ ಕಲಿಯಬೇಕಾಗಿಯೂ ಇಲ್ಲ. ಹೆಸರುಬೇಳೆಯ ಕಾಯಿಹಾಲು ಪಾಯಸ, ಕಾರವಾರ ಕಡೆಯ ಕಡಲೆಬೇಳೆಯ ಮಣಗಣೆ ನಮ್ಮಲ್ಲಿ ಹಸುವಿನ ಹಾಲಿಲ್ಲದೆಯೇ ಆಗುವ ಅಡುಗೆಗಳು. ಅವುಗಳಿಂದ ತೆಗೆಯಬೇಕಾದದ್ದು ಮೇಲೆ ಉದುರಿಸುವ ಗೇರುಬೀಜ, ಒಗ್ಗರಣೆಯ ತುಪ್ಪ. ಮಜ್ಜಿಗೆಯಿಲ್ಲದೆ ಊಟ ಮುಗಿಯದವರಿಗೆ ಸೋಲ್ಕಡಿ ಇದೆ: ಮುರುಗಲ ರಸ, ಕಾಯಿಹಾಲು, ಬೆಳ್ಳುಳ್ಳಿ, ಉಪ್ಪು. ತಂಬುಳಿಗೆ ಮಜ್ಜಿಗೆಯ ಬದಲು ರುಬ್ಬಿದ ಕಾಯಿಗೆ ಮುರುಗಲ ಹುಳಿ ಸೇರಿಸುತ್ತೇನೆ. ಬಣ್ಣ ನಸುಗೆಂಪಾಗುತ್ತದೆ, ರುಚಿಗೆ ದೋಷವಿಲ್ಲ.

ಚಹಾ, ಕಷಾಯಕ್ಕೆ ತೆಳು ಕಾಯಿಹಾಲು ಅಥವಾ ಸೋಯಾ. ಕೊತ್ತಂಬರಿ-ಜೀರಿಗೆ ಕಷಾಯಕ್ಕೆ ಕಾಯಿಹಾಲು ಎಷ್ಟು ಹೊಂದುತ್ತದೆಂದರೆ ಹಾಲು ಕುಡಿಯುವ ನನ್ನ ಗಂಡನೂ ಈಗ ಅದನ್ನೇ ಕೇಳುತ್ತಾನೆ. ಚಹಾದ ಮಾತು ಹಾಗಲ್ಲ. ತೆಂಗಿನ ವಾಸನೆ ಚಹಾದ ಮೇಲೆ ಸವಾರಿ ಮಾಡುತ್ತದೆ. ಅದಕ್ಕೆ ಒಗ್ಗಿಕೊಳ್ಳಲು ಎರಡು ವಾರ ಬೇಕು, ಕೆಲವರು ಒಗ್ಗುವುದೇ ಇಲ್ಲ.

ಪೋಷಣೆಯ ಲೆಕ್ಕದಲ್ಲಿ ಹೆಚ್ಚಿನವರು ಎಡವುತ್ತಾರೆ. 100 ಮಿಲಿ ಹಸುವಿನ ಹಾಲಿನಲ್ಲಿ ಸುಮಾರು 3.2 ಗ್ರಾಂ ಪ್ರೋಟೀನ್, 120 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಪ್ರೋಟೀನಿನಲ್ಲಿ ಅದರ ಹತ್ತಿರ ಬರುವುದು ಸೋಯಾ, ಸುಮಾರು 3 ಗ್ರಾಂ. ಅಂಗಡಿಯ ಬಾದಾಮಿ, ಅಕ್ಕಿ ಪಾನೀಯಗಳಲ್ಲಿ ಸಾಮಾನ್ಯವಾಗಿ 1 ಗ್ರಾಂ ಕೂಡ ಇರುವುದಿಲ್ಲ. ತೆಂಗಿನ ಹಾಲಿನಲ್ಲಿ ಜಿಡ್ಡು ಧಾರಾಳ, ಕ್ಯಾಲ್ಸಿಯಂ ಅತ್ಯಲ್ಪ. ‘ಬಿಳಿಯಾಗಿದೆ, ದಪ್ಪಗಿದೆ, ಆದ್ದರಿಂದ ಪುಷ್ಟಿ’ ಎಂಬ ನಂಬಿಕೆಯಿಂದ ನಾನು ಮಗಳಿಗೆ ವರ್ಷವಿಡೀ ಕಾಯಿಹಾಲನ್ನೇ ಲೋಟಗಟ್ಟಲೆ ಕುಡಿಸಿದೆ. ತೂಕ ಬಂತು, ಎತ್ತರ ಬರಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ 650 ಮಿಲಿಗ್ರಾಂ, ವಯಸ್ಕರಿಗೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಇದನ್ನು ಲೋಟದಲ್ಲೇ ಹುಡುಕಬೇಕಿಲ್ಲ, ತಟ್ಟೆಯಲ್ಲಿ ಹುಡುಕಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ನುಗ್ಗೆ ಸೊಪ್ಪಿನಲ್ಲಿ 300ಕ್ಕೂ ಮೇಲೆ. ಮೀನು ತಿನ್ನುವ, ಮೀನಿನ ಅಲರ್ಜಿ ಇಲ್ಲದ ಮನೆಯಾದರೆ ಮುಳ್ಳುಸಹಿತ ತಿನ್ನುವ ಸಣ್ಣ ಮೀನುಗಳು. ಸಸ್ಯಾಹಾರಿ ಮನೆಗಳಿಗೆ ಇನ್ನೊಂದು ಚಿಂತೆ ಇದೆ: ಬಿ12. ಹಾಲು, ಮೊಸರೇ ಅದರ ಮುಖ್ಯ ಮೂಲವಾಗಿದ್ದ ಮನೆಯಲ್ಲಿ ಅವು ನಿಂತರೆ ಬಿ12 ಹೊರಗಿನಿಂದ ಬರಲೇಬೇಕು. ಮಾತ್ರೆಯೋ, ಬಿ12 ಸೇರಿಸಿದ ಪಾನೀಯವೋ ಎಂದು ವೈದ್ಯರು ಹೇಳುತ್ತಾರೆ. ಮಗುವಿನ ಎತ್ತರ, ತೂಕವನ್ನು ಮೂರು ತಿಂಗಳಿಗೊಮ್ಮೆ ಬರೆದಿಡಿ.

ನಾಲ್ಕನೆಯ ಹೆಜ್ಜೆ: ಪ್ಯಾಕೆಟ್ಟಿನ ಹಿಂಬದಿ ಓದಿ

ಮುಂಬದಿಯಲ್ಲಿರುವುದು ಜಾಹೀರಾತು. ಹಸಿರು ಚುಕ್ಕೆ ಎಂದರೆ ಸಸ್ಯಾಹಾರ, ಅದರಲ್ಲಿ ಹಾಲು ಇರಬಹುದು. ಹಸಿರು ‘ವಿ’ ಅಕ್ಷರದ ವೀಗನ್ ಮುದ್ರೆ, 2022ರ ನಿಯಮದಿಂದ ಬಂದದ್ದು, ಪ್ರಾಣಿಮೂಲದ ಪದಾರ್ಥ ಬಳಸಿಲ್ಲ ಎನ್ನುತ್ತದೆ. ಗೇರು, ಶೇಂಗಾ, ಸೋಯಾದ ವಿಷಯ ಅದಕ್ಕೆ ಸಂಬಂಧಿಸಿದ್ದಲ್ಲ. ಸಸ್ಯದ ಪಾನೀಯಕ್ಕೆ ‘ಹಾಲು’ ಎಂಬ ಹೆಸರು ಇಡುವಂತಿಲ್ಲ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಹೇಳಿರುವುದರಿಂದ ಅಂಗಡಿಯಲ್ಲಿ ಡ್ರಿಂಕ್, ಬೆವರೇಜ್ ಎಂದು ಹುಡುಕಬೇಕು. ತೆಂಗಿನ ಹಾಲಿಗೆ ಮಾತ್ರ ವಿನಾಯಿತಿ.

ಪದಾರ್ಥಗಳ ಪಟ್ಟಿಯ ಕೆಳಗೆ ಅಲರ್ಜಿಯ ಸಾಲು ಇರುತ್ತದೆ. 2020ರ ಲೇಬಲ್ ನಿಯಮದಂತೆ ಗ್ಲುಟೆನ್ ಇರುವ ಧಾನ್ಯ (ಓಟ್ಸ್ ಇದರಲ್ಲೇ ಸೇರಿದೆ), ಸಿಗಡಿ-ಏಡಿಯ ಜಾತಿ, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಮರದ ಬೀಜಗಳು, ಸೋಯಾ, ಕಿಲೋಗೆ 10 ಮಿಲಿಗ್ರಾಂ ಅಥವಾ ಅದಕ್ಕೂ ಮೇಲಿನ ಸಲ್ಫೈಟ್ (ಕೆಡದಂತೆ ಹಾಕುವ ರಾಸಾಯನಿಕ) ಇವನ್ನು ಎತ್ತಿ ಹೇಳಲೇಬೇಕು. ಈ ಪಟ್ಟಿಯಲ್ಲಿ ಎಳ್ಳು ಇಲ್ಲ. ಅಮೆರಿಕದಲ್ಲಿ 2023ರಿಂದ ಎಳ್ಳನ್ನೂ ಹೆಸರಿಸಬೇಕು, ಇಲ್ಲಿ ಹಾಗಿಲ್ಲ. ಎಳ್ಳು ಆಗದವರು ಪೂರ್ತಿ ಪದಾರ್ಥ ಪಟ್ಟಿಯನ್ನೇ ಓದಬೇಕು. ‘ಇರಬಹುದು’ ಎಂಬ ಸಾಲು ಇದ್ದರೆ ಅದು ಕಾನೂನಿನ ಮುಲಾಜಿಗೆ ಬರೆದದ್ದೆಂದು ಉಡಾಫೆ ಮಾಡುವವರಿದ್ದಾರೆ. ತೀವ್ರ ಅಲರ್ಜಿಯ ಮನೆಯಲ್ಲಿ ಆ ಪ್ಯಾಕೆಟ್ಟನ್ನು ಶೆಲ್ಫಿಗೇ ವಾಪಸು ಇಡಬೇಕು.

ನನ್ನ ಮೋಸಹೋದ ಕಥೆ ಕಾಯಿಹಾಲಿನ ಪುಡಿಯದು. ತೆಂಗಿನ ಚಿತ್ರ, ತೆಂಗಿನ ಹೆಸರು. ಹಿಂದೆ ಸಣ್ಣಕ್ಷರದಲ್ಲಿ ‘ಸೋಡಿಯಂ ಕೇಸಿನೇಟ್’. ಕೇಸಿನ್ ಎಂದರೆ ಹಾಲಿನದೇ ಪ್ರೋಟೀನ್. ಪುಡಿ ಗಂಟು ಕಟ್ಟದೆ ಕರಗಲಿ ಎಂದು ಹಲವು ಕಾಯಿಹಾಲಿನ ಪುಡಿಗಳಲ್ಲಿ ಇದನ್ನು ಹಾಕುತ್ತಾರೆ. ‘ನಾನ್ ಡೇರಿ’ ಎಂಬ ಚಹಾ-ಕಾಫಿಯ ಕ್ರೀಮರ್‌ಗಳಲ್ಲೂ ಅದೇ. ವ್ಹೇ, ಲ್ಯಾಕ್ಟಾಲ್ಬುಮಿನ್, ಹಾಲಿನ ಘನಾಂಶ, ಖೋವಾ ಎಲ್ಲವೂ ಹಾಲೇ. ಪಟ್ಟಿಯಲ್ಲಿ ಸೇರ್ಪಡೆಗಳನ್ನು ಸೂಚಿಸುವ ಸಂಖ್ಯೆಗಳಲ್ಲಿ 220ರಿಂದ 228 ಸಲ್ಫೈಟುಗಳು, ಡಬ್ಬಿಯ ತೆಂಗಿನ ಹಾಲಿನಲ್ಲಿ ಕೆಲವೊಮ್ಮೆ ಇರುತ್ತವೆ, ಉಬ್ಬಸದವರು ಗಮನಿಸಿ. 322 ಲೆಸಿಥಿನ್, ಅದು ಸೋಯಾದ್ದೋ ಸೂರ್ಯಕಾಂತಿಯದ್ದೋ ಎಂದು ನೋಡಿ. ಒಮ್ಮೆ ಒಗ್ಗಿದ ಪ್ಯಾಕೆಟ್ಟನ್ನೂ ಪ್ರತಿ ಸಲ ಓದಿ, ಕಂಪನಿಗಳು ಹೇಳದೆ ಕೇಳದೆ ಪದಾರ್ಥ ಬದಲಿಸುತ್ತವೆ.

ಐದನೆಯ ಹೆಜ್ಜೆ: ಮೊದಲ ಗುಟುಕು

ಹಿಂದೆ ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು ಆಗಿದ್ದವರು, ಉಬ್ಬಸ ಇರುವವರು ಹೊಸ ಬೀಜ ಅಥವಾ ಸೋಯಾದ ಹಾಲನ್ನು ಮನೆಯಲ್ಲಿ ಪ್ರಯೋಗ ಮಾಡಬಾರದು. ಅದಕ್ಕೆ ಆಸ್ಪತ್ರೆಯಲ್ಲಿ ವೈದ್ಯರ ಎದುರೇ ಸ್ವಲ್ಪ ಸ್ವಲ್ಪ ಕುಡಿಸಿ ನೋಡುವ ಪದ್ಧತಿ ಇದೆ. ಉಳಿದವರು ವೈದ್ಯರ ಒಪ್ಪಿಗೆ ಪಡೆದು, ಬೆಳಿಗ್ಗೆ, ಮಗುವಿಗೆ ಜ್ವರ-ನೆಗಡಿ ಇಲ್ಲದ ದಿನ, ಮನೆಯಲ್ಲಿ ವಾಹನ ಓಡಿಸಬಲ್ಲ ಇನ್ನೊಬ್ಬರು ಇರುವಾಗ ಒಂದು ಚಮಚದಿಂದ ಶುರು ಮಾಡಿ. ಎರಡು ಗಂಟೆ ಕಾಯಿರಿ. ಮರುದಿನ ಸ್ವಲ್ಪ ಹೆಚ್ಚಿಸಿ. ಮೂರು-ನಾಲ್ಕು ದಿನ ಬೇರೆ ಯಾವ ಹೊಸ ಪದಾರ್ಥವನ್ನೂ ಕೊಡಬೇಡಿ, ಇಲ್ಲದಿದ್ದರೆ ದದ್ದು ಎದ್ದಾಗ ಕಳ್ಳ ಯಾರೆಂದು ತಿಳಿಯುವುದಿಲ್ಲ. ಪ್ರಯಾಣದ ದಿನ ಖಂಡಿತ ಬೇಡ. ಕುಮಟಾದಿಂದ ಶಿರಸಿಗೆ 60 ಕಿಲೋಮೀಟರ್, ನಡುವೆ ದೇವಿಮನೆ ಘಟ್ಟ. ಅಲ್ಲಿ ಫೋನಿನ ಸಿಗ್ನಲ್ಲನ್ನು ನಂಬಿ ಕೂರುವಂತಿಲ್ಲ.

ಆರನೆಯ ಹೆಜ್ಜೆ: ಮನೆಯಲ್ಲೇ ಹಿಂಡಿಕೊಳ್ಳಿ

ಅಲರ್ಜಿಯ ಮನೆಗೆ ಮನೆಯದೇ ಹಾಲು ಒಳ್ಳೆಯದು, ಏಕೆಂದರೆ ಅದರಲ್ಲಿ ಏನಿದೆ ಎಂದು ನಿಮಗೆ ಗೊತ್ತು. ಆದರೆ ಮಿಕ್ಸಿಯ ಜಾರಿನ ತಳ, ಬ್ಲೇಡಿನ ಸಂದು, ಸೋಸುವ ಬಟ್ಟೆ ಈ ಮೂರು ಹಳೆಯ ಪದಾರ್ಥವನ್ನು ಬಚ್ಚಿಟ್ಟುಕೊಳ್ಳುತ್ತವೆ. ಬೇರೆ ಜಾರು, ಬೇರೆ ಬಟ್ಟೆ ಇಟ್ಟುಕೊಳ್ಳಿ; ಬಟ್ಟೆಗೆ ಬಣ್ಣದ ದಾರ ಹೊಲಿದರೆ ಅಜ್ಜಿಯರಿಗೂ ಗುರುತು ಸಿಗುತ್ತದೆ.

ತೆಂಗಿಗೆ ಬಲಿತ, ಆದರೆ ಒಣಗಿ ಕೊಬ್ಬರಿಯಾಗದ ಕಾಯಿ ಬೇಕು. ತುರಿಯುವಾಗ ಕಂದು ಸಿಪ್ಪೆ ಬಾರದಂತೆ ನೋಡಿಕೊಳ್ಳಿ. ಒಂದು ಕಾಯಿಯ ತುರಿಗೆ ಒಂದು ಲೋಟ ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ ಹಿಂಡಿದರೆ ದಪ್ಪ ಹಾಲು. ಅದೇ ಚರಟಕ್ಕೆ ಒಂದೂವರೆ ಲೋಟ ನೀರು ಹಾಕಿ ಮತ್ತೆ ಹಿಂಡಿದರೆ ತೆಳು ಹಾಲು, ಕಷಾಯಕ್ಕೆ ಇದು. ದಪ್ಪ ಹಾಲನ್ನು ಮಳ್ಳಿಸಿದರೆ ಒಡೆದು ಎಣ್ಣೆ ಬಿಡುತ್ತದೆ, ಆದ್ದರಿಂದ ಪಾಯಸದಲ್ಲಿ ಬೆಲ್ಲ ಕರಗಿ ಕುದಿ ನಿಂತ ಮೇಲೆ ಕೊನೆಗೆ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಇಳಿಸಬೇಕು. ಚಹಾಕ್ಕೂ ಹೀಗೆಯೇ: ಡಿಕಾಕ್ಷನ್ ಕುದಿಸಿ, ಒಲೆ ಆರಿಸಿ, ಬೆಚ್ಚಗಿನ ಹಾಲು ಬೆರೆಸಿ. ಫ್ರಿಜ್ಜಿನಲ್ಲಿ ಒಂದು ದಿನ ಇಡಬಹುದು. ಕರಾವಳಿಯ ಸೆಖೆಯಲ್ಲಿ ಹೊರಗಿಟ್ಟರೆ ಕೆಲವೇ ಗಂಟೆಗಳಲ್ಲಿ ಹುಳಿ ವಾಸನೆ ಬರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ವಿದ್ಯುತ್ ಹೋಗುವ ಊರುಗಳಲ್ಲಿ ಆಗಿಂದಾಗ ಹಿಂಡಿಕೊಳ್ಳುವುದೇ ಸರಿ.

ಸೋಯಾ ಕಾಳನ್ನು ರಾತ್ರಿಯಿಡೀ ನೆನೆಸಿ, ಸಿಪ್ಪೆ ಉಜ್ಜಿ, ರುಬ್ಬಿ, ಸೋಸಿ ಕುದಿಸಬೇಕು. ಕಾಯಿಸುವಾಗ ಕುದಿ ಬರುವ ಮೊದಲೇ ನೊರೆ ಉಕ್ಕುತ್ತದೆ; ಕುದಿಯಿತೆಂದು ಇಳಿಸಬೇಡಿ. ನಿಜವಾದ ಕುದಿ ಬಂದ ಮೇಲೆ 15-20 ನಿಮಿಷ ಕುದಿಯಬೇಕು, ಹಸಿ ಸೋಯಾದಲ್ಲಿ ಪ್ರೋಟೀನ್ ಅರಗುವುದನ್ನು ತಡೆಯುವ ಅಂಶವಿದೆ. ಮನೆಯ ಸೋಯಾ ಹಾಲಿನಲ್ಲಿ ಕ್ಯಾಲ್ಸಿಯಂ ಕಡಿಮೆ. ಅಂಗಡಿಯದಕ್ಕೆ ಅದನ್ನು ಬೆರೆಸಿರುತ್ತಾರೆ, ತಳದಲ್ಲಿ ಕೂತಿರುತ್ತದೆ, ಅಲುಗಾಡಿಸಿ ಬಗ್ಗಿಸಬೇಕು.

ರಾಗಿ ಹಾಲು ಎಂದು ನೆನೆಸಿ ರುಬ್ಬಿ ಸೋಸಿದರೆ ಕ್ಯಾಲ್ಸಿಯಂನ ಹೆಚ್ಚು ಪಾಲು ಬಟ್ಟೆಯಲ್ಲಿ ಉಳಿದ ಹೊಟ್ಟಿನೊಂದಿಗೆ ಹೋಗುತ್ತದೆ. ಹಾಗಾಗಿ ನಾನು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿ, ಸೋಸದೆ ತೆಳು ಕಾಯಿಹಾಲಿನಲ್ಲಿ ಮಣ್ಣಿ ಕಾಯಿಸುತ್ತೇನೆ. ಕುಡಿಯುವುದಕ್ಕಿಂತ ತಿನ್ನುವುದೇ ಲೇಸು.

ಏಳನೆಯ ಹೆಜ್ಜೆ: ಮನೆಯ ಹೊರಗೆ

ಚಹಾದ ಅಂಗಡಿಯಲ್ಲಿ ‘ಹಾಲು ಬೇಡ, ಕಪ್ಪು ಚಹಾ’ ಎಂದರೂ ಸೋಸುವ ಜರಡಿ ಒಂದೇ. ಅಲ್ಲಿ ಎಳನೀರು ಕುಡಿದು ಬನ್ನಿ.

ಚೀಲದಲ್ಲಿ ವೈದ್ಯರು ಬರೆದುಕೊಟ್ಟ ಔಷಧಿ ಸದಾ ಇರಲಿ. ದದ್ದಿನ ಜೊತೆ ವಾಂತಿ, ಧ್ವನಿ ಒಡೆಯುವುದು, ಉಸಿರು ಕಟ್ಟುವುದು, ಮಂಕು ಕವಿಯುವುದು ಸೇರಿಕೊಂಡರೆ ಅದು ಅನಾಫಿಲಾಕ್ಸಿಸ್, ಪ್ರಾಣಕ್ಕೇ ಅಪಾಯವಾದ ಅಲರ್ಜಿ. ಅದಕ್ಕೆ ಮದ್ದು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್. ತುರಿಕೆಯ ಮಾತ್ರೆ ಅದನ್ನು ತಡೆಯಲಾರದು. ತಾನಾಗಿ ಚುಚ್ಚಿಕೊಳ್ಳುವ ಪೆನ್ನು ನಮ್ಮಲ್ಲಿ ಸುಲಭವಾಗಿ ಸಿಗದ ಕಾರಣ ಸಿರಿಂಜಿನಲ್ಲಿ ಎಷ್ಟು, ಹೇಗೆ ಎಂದು ವೈದ್ಯರು ನಿಮಗೆ ಕಲಿಸಬೇಕು, ನೀವು ಕಲಿಯಲೇಬೇಕು. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ, ಉಸಿರು ಕಷ್ಟವಾದರೆ ಕುಳ್ಳಿರಿಸಿ, ನಡೆಸಬೇಡಿ. 108ಕ್ಕೆ ಕರೆ ಮಾಡಿ. ಸುಧಾರಿಸಿದಂತೆ ಕಂಡರೂ ಆಸ್ಪತ್ರೆಗೆ ಹೋಗಿ, ಕೆಲವು ಗಂಟೆಗಳ ನಂತರ ಮತ್ತೆ ಮರುಕಳಿಸುವುದುಂಟು.

ಹಾಲಿನ ಅಲರ್ಜಿ ಹಲವು ಮಕ್ಕಳಲ್ಲಿ ಶಾಲೆಗೆ ಹೋಗುವ ವಯಸ್ಸಿಗೆ ತಾನಾಗಿ ಹೋಗುತ್ತದೆ. ಗೇರು, ಶೇಂಗಾದ್ದು ಸಾಮಾನ್ಯವಾಗಿ ಉಳಿಯುತ್ತದೆ. ವರ್ಷಕ್ಕೊಮ್ಮೆ ಮರುಪರೀಕ್ಷೆ ಮಾಡಿಸಿ, ನೀವಾಗಿ ಕೊಟ್ಟು ನೋಡಬೇಡಿ.

ಮದುವೆ, ಉಪನಯನಗಳಲ್ಲಿ ಬಡಿಸುವವರನ್ನು ಕೇಳಿ ಉಪಯೋಗವಿಲ್ಲ, ಹಿಂದಿನ ದಿನವೇ ಅಡುಗೆ ಭಟ್ಟರನ್ನು ಕಾಣಬೇಕು. “ಅಲರ್ಜಿ” ಎಂದರೆ ತಲೆಯಾಡಿಸಿ ಮರೆತುಬಿಡುತ್ತಾರೆ. “ತುಪ್ಪ, ಗೇರುಬೀಜ ಹಾಕುವ ಮೊದಲು ಒಂದು ತಂಬಿಗೆ ಪಾಯಸ ಎತ್ತಿಡಿ, ಬೇರೆ ಸೌಟು ಇಡಿ” ಎಂದರೆ ಕೆಲಸ ಆಗುತ್ತದೆ. ಕಳೆದ ವೈಶಾಖದಲ್ಲಿ ಶಿರಸಿಯ ಒಂದು ಮದುವೆಗೆ ಹೊರಟಾಗ ಭಟ್ಟರೇ ಫೋನ್ ಮಾಡಿ ಕೇಳಿದರು: “ನಿಮ್ಮ ಹುಡುಗಿಯ ತಂಬಿಗೆಗೆ ದ್ರಾಕ್ಷಿ ಹಾಕಬಹುದಲ್ಲ?” ಹಾಕಬಹುದು ಎಂದೆ. ಆಮೇಲೆ ನೆನಪಾಗಿ ಮತ್ತೆ ಫೋನ್ ಮಾಡಿದೆ: ಗೇರುಬೀಜ ಹುರಿದ ತುಪ್ಪದಲ್ಲಿ ಹುರಿಯದೆ, ಹಸಿಯಾಗಿಯೇ.